ಶಾಲೆಯ ಕೊನೆಯ ವರ್ಷಗಳಲ್ಲಿ ಇಂಗ್ಲಿಷ್ ಸಾಹಿತ್ಯದ ವ್ಯಾಸಂಗ

(ಶತಮಾನೋತ್ಸವದ ಅಂಗವಾಗಿ ಜರುಗಿದ ವಿದ್ಯಾರ್ಥಿ ದಿನಾಚರಣೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಉಪನ್ಯಾಸದ ಲಿಖಿತ ರೂಪ)



ಸಮಿತಿಯವರು ನನಗೆ ಮೊದಲು ಗೊತ್ತುಮಾಡಿದ್ದ ವಿಷಯ ‘ವಿದ್ಯಾರ್ಥಿ ಜೀವನ ಮತ್ತು ವಿಶ್ವಾಸ’ ಎಂಬುದಾಗಿತ್ತು. ಆ ವಿಷಯವಾಗಿ ಭಾನುವಾರಗಳಂದು ನಾನು ಸಾಕಷ್ಟು ಮಾತನಾಡಿದ್ದೇನೆ. ನೀವೂ ಸಾಕಷ್ಟು ಸಹಿಸಿಕೊಂಡಿದ್ದೀರಿ. ಆದ್ದರಿಂದ ಅವರ ಅಪ್ಪಣೆ ಪಡೆದು ಬೇರೊಂದು ವಿಷಯವನ್ನು ಆರಿಸಿಕೊಂಡೆ. ಹತ್ತನೆಯ ತರಗತಿಯಲ್ಲಿಯೂ ಪಿ.ಯು.ಸಿ.ಯ ಎರಡು ವರ್ಷಗಳಲ್ಲಿಯೂ ನಮ್ಮ ಮಕ್ಕಳ ಕೈಗೆ ಬರುವ ಇಂಗ್ಲಿಷ್ ಕಥೆ, ಕವಿತೆ, ನಾಟಕಗಳನ್ನು ಓದುವುದರಿಂದ ಏನು ಪ್ರಯೋಜನ ಎಂಬುದೇ ಆ ವಿಷಯ. ಗುರುಗಳು ದೇವಾಲಯ ಬಿಟ್ಟು ಶಾಲೆಯ ಕೆಲಸಕ್ಕೆ ಏಕೆ ಕೈಹಾಕಿದರು ಎಂದು ಹಿರಿಯರು ಹುಬ್ಬೇರಿಸಬಹುದು. ಕಾರಣವಿದೆ, ಮುಂದೆ ಹೇಳುತ್ತೇನೆ.

ಕಳೆದ ವರ್ಷ ಧರ್ಮೋಪದೇಶದ ತರಗತಿ ಮುಗಿದ ಮೇಲೆ ದೊಡ್ಡ ಹುಡುಗರನ್ನು ನಿಲ್ಲಿಸಿಕೊಂಡು, “ಇಂಗ್ಲಿಷಿನಲ್ಲಿ ಈಗ ಯಾವ ಪಾಠ ಓದುತ್ತಿದ್ದೀರಿ?” ಎಂದು ಕೇಳಿದೆ. ಒಬ್ಬನು ಕಥೆಯ ಹೆಸರನ್ನು ಹೇಳಿದನು. “ಕಥೆಯಲ್ಲಿ ಏನಾಗುತ್ತದೆ?” ಎಂದೆ. ಆತನು ಸ್ವಲ್ಪವೂ ಸಂಕೋಚವಿಲ್ಲದೆ, “ಫಾದರ್, ಪಾಠ ಓದಿಲ್ಲ, ಪ್ರಶ್ನೋತ್ತರ ಓದಿದ್ದೇನೆ” ಎಂದನು. ಉಳಿದವರು ನಕ್ಕರು, ಆದರೆ ಅವರೂ ಪಾಠವನ್ನು ಓದಿದವರಲ್ಲ. ಅಂಗಡಿಯಲ್ಲಿ ಸಿಗುವ ಗೈಡಿನಲ್ಲಿ ಸಾರಾಂಶವಿದೆ, ನಾಲ್ಕು ಅಂಕದ ಉತ್ತರವಿದೆ, ಆರು ಅಂಕದ ಉತ್ತರವಿದೆ. ಅದನ್ನು ಉರು ಹೊಡೆದರೆ ತೇರ್ಗಡೆ. ಊಟದ ಎಲೆಯ ಮುಂದೆ ಕುಳಿತು ಅನ್ನವನ್ನು ಮುಟ್ಟದೆ, ಬಡಿಸಿದ ಪದಾರ್ಥಗಳ ಪಟ್ಟಿಯನ್ನು ಬಾಯಿಪಾಠ ಮಾಡಿ ಎದ್ದು ಹೋಗುವಂತಹ ವ್ಯವಹಾರವಿದು.

ಆ ಹುಡುಗನನ್ನು ನಾನು ಗದರಿಸಲಿಲ್ಲ. ಗದರಿಸುವ ಅರ್ಹತೆ ನನಗಿರಲಿಲ್ಲ.

ನಾನು ಹುಟ್ಟಿದ್ದು ಮಾಲೂರು ತಾಲೂಕಿನ ಒಂದು ಹಳ್ಳಿಯಲ್ಲಿ. ನಮ್ಮ ತಂದೆಯವರು ಹೆಂಚಿನ ಕಾರ್ಖಾನೆಯಲ್ಲಿ ಜೇಡಿಮಣ್ಣು ತುಳಿಯುವ ಕೂಲಿಯಾಗಿದ್ದರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಜಪಸರದ ಪ್ರಾರ್ಥನೆ ಅಜ್ಜಿಯ ಬಾಯಲ್ಲಿ ತಮಿಳು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಬಲಿಪೂಜೆ ನಮ್ಮ ನಮ್ಮ ಭಾಷೆಗೆ ಬಂದಿದ್ದರೂ, ಹಳಬರ ನಾಲಗೆಯಲ್ಲಿ ಲ್ಯಾಟಿನ್ ಗೀತೆಗಳ ತುಣುಕುಗಳು ಇನ್ನೂ ಉಳಿದಿದ್ದವು. ಹೀಗೆ ನಾಲ್ಕು ಭಾಷೆಗಳ ನಡುವೆ ಬೆಳೆದವನಿಗೆ ಐದನೆಯದಾಗಿ ಇಂಗ್ಲಿಷ್ ಬಂದಿತು. ಬಂದದ್ದು ಮಾತ್ರ ಬೆತ್ತವನ್ನು ಹಿಡಿದುಕೊಂಡು. ಕಾಗುಣಿತ ತಪ್ಪಿದರೆ ಒಂದು ಏಟು, ಕಾಲಸೂಚಕ ತಪ್ಪಿದರೆ ಎರಡು. ಎಸ್.ಎಸ್.ಎಲ್.ಸಿ.ಯಲ್ಲಿ ಆಗ ತೇರ್ಗಡೆಗೆ ಬೇಕಾಗಿದ್ದುದು 35 ಅಂಕ. ಇಂಗ್ಲಿಷಿನಲ್ಲಿ ನನಗೆ ಬಂದದ್ದು 38. ಆ ಮೂರು ಹೆಚ್ಚುವರಿ ಅಂಕಗಳಿಗಾಗಿ ನಮ್ಮ ತಾಯಿ ದೇವಮಾತೆಯ ಗವಿಯಲ್ಲಿ ಮೂರು ಮೇಣದ ಬತ್ತಿ ಹಚ್ಚಿದರು.

ಆದರೆ ಆ ವರ್ಷಗಳ ಒಂದು ಮಧ್ಯಾಹ್ನ ನನ್ನ ಮನಸ್ಸಿನಿಂದ ಇಂದಿಗೂ ಮಾಸಿಲ್ಲ. ಚಾರ್ಲ್ಸ್ ಲ್ಯಾಂಬ್ ಮತ್ತು ಆತನ ಅಕ್ಕ ಮೇರಿ ಲ್ಯಾಂಬ್ ಷೇಕ್ಸ್‌ಪಿಯರನ ನಾಟಕಗಳನ್ನು ಮಕ್ಕಳಿಗಾಗಿ ಕಥೆಯ ರೂಪದಲ್ಲಿ ಬರೆದು 1807ರಲ್ಲಿ ಪ್ರಕಟಿಸಿದ್ದ ಪುಸ್ತಕ ನಮ್ಮ ಶಾಲೆಯ ಬೀರುವಿನಲ್ಲಿದ್ದಿತು. ನಮ್ಮ ಮೇಷ್ಟ್ರು ಅಂದು ಬೆತ್ತವನ್ನು ಮೂಲೆಗಿಟ್ಟು, ಮೇಜಿನ ಅಂಚಿನ ಮೇಲೆ ಕುಳಿತು, ಲಿಯರ್ ಎಂಬ ಮುದಿ ಅರಸನ ಕಥೆಯನ್ನು ಇಂಗ್ಲಿಷಿನಲ್ಲಿ ಒಂದು ವಾಕ್ಯ ಓದಿ, ಕನ್ನಡದಲ್ಲಿ ನಾಲ್ಕು ವಾಕ್ಯ ವಿವರಿಸುತ್ತ ಹೇಳಿದರು. ಹಿರಿಯ ಹೆಣ್ಣುಮಕ್ಕಳಿಬ್ಬರು ತಂದೆಯನ್ನು ಬಿರುಗಾಳಿಯ ರಾತ್ರಿ ಹೊರಗೆ ನೂಕಿದ ಸ್ಥಳಕ್ಕೆ ಬಂದಾಗ ಹಿಂದಿನ ಬೆಂಚಿನಿಂದ ಒಬ್ಬನು ಅವರಿಬ್ಬರನ್ನೂ ತೆಲುಗಿನಲ್ಲಿ ಚೆನ್ನಾಗಿ ಬೈದನು. ಮೇಷ್ಟ್ರು ಅವನನ್ನು ಹೊಡೆಯಲಿಲ್ಲ. “ಇವನಿಗೆ ಪಾಠ ಅರ್ಥವಾಯಿತು” ಎಂದರು. ಆಮೇಲೆ ಪುಸ್ತಕವನ್ನು ಮುಚ್ಚಿ, “ಈ ನಾಟಕವನ್ನು ಪೂರ್ತಿ ಕನ್ನಡಕ್ಕೆ ತಂದವರು ನಮ್ಮ ತಾಲೂಕಿನವರೇ, ಗೊತ್ತೇನೋ?” ಎಂದು ಕೇಳಿದರು. ನಮಗೆ ಗೊತ್ತಿರಲಿಲ್ಲ. ಮಾಸ್ತಿ ಎಂದರೆ ನಮ್ಮ ಪಾಲಿಗೆ ಬಸ್ಸಿನ ಮುಂದಿನ ಫಲಕದ ಮೇಲಿನ ಒಂದು ಊರು ಮಾತ್ರ.

ಮಕ್ಕಳೇ, ನಿಮ್ಮ ಸೀಮೆಯ ಈ ಸಂಗತಿಯನ್ನು ನೀವು ತಿಳಿದಿರಬೇಕು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1891ರ ಜೂನ್ 6ರಂದು ಮಾಲೂರು ತಾಲೂಕಿನಲ್ಲಿ ಜನಿಸಿದರು. ಅವರ ಮನೆಮಾತು ತಮಿಳು. ಕಷ್ಟದಲ್ಲಿ ಓದಿ, ಮದರಾಸಿಗೆ ಹೋಗಿ, 1914ರಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಪದವಿಯನ್ನು ಚಿನ್ನದ ಪದಕದೊಡನೆ ಪಡೆದರು. ಮೈಸೂರು ಸಂಸ್ಥಾನದ ದೊಡ್ಡ ಅಧಿಕಾರಿಯಾದರು. ಅಷ್ಟು ಇಂಗ್ಲಿಷ್ ಕಲಿತವರು ಬರೆದದ್ದು ಕನ್ನಡದಲ್ಲಿ. ಬರೆದದ್ದು ನಮ್ಮಂತಹ ಹಳ್ಳಿಗಳ ಜನರ ಕಥೆಗಳನ್ನು. ‘ಚಿಕವೀರ ರಾಜೇಂದ್ರ’ ಕಾದಂಬರಿಗಾಗಿ 1983ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. 1986ರಲ್ಲಿ ತಮ್ಮ ಜನ್ಮದಿನದಂದೇ ಅವರು ಕಾಲವಾದರು. ಷೇಕ್ಸ್‌ಪಿಯರನ ಲಿಯರ್ ಅವರ ಕೈಯಲ್ಲಿ ‘ಲಿಯರ್ ಮಹಾರಾಜ’ನಾದನು.

ಇನ್ನು ಮುಳಬಾಗಿಲಿನತ್ತ ನೋಡಿರಿ. ಡಿ.ವಿ. ಗುಂಡಪ್ಪನವರು ಅಲ್ಲಿ 1887ರ ಮಾರ್ಚ್ 17ರಂದು ಜನಿಸಿದವರು. ಇವರಿಗೆ ಎಂ.ಎ. ಇರಲಿ, ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ಕೂಡ ದಾಟಲಾಗಲಿಲ್ಲ. ಕಾಲೇಜಿನ ಮೆಟ್ಟಿಲನ್ನು ವಿದ್ಯಾರ್ಥಿಯಾಗಿ ಹತ್ತಲಿಲ್ಲ. ಹೊಟ್ಟೆಪಾಡಿಗೆ ಬೆಂಗಳೂರಿಗೆ ಹೋಗಿ ಪತ್ರಿಕೆಗಳಿಗೆ ಬರೆದರು. ಸ್ವಂತ ಓದಿನಿಂದಲೇ ಸಂಸ್ಕೃತವನ್ನೂ ಇಂಗ್ಲಿಷನ್ನೂ ವಶಮಾಡಿಕೊಂಡರು. 1943ರಲ್ಲಿ ‘ಮಂಕುತಿಮ್ಮನ ಕಗ್ಗ’ವನ್ನು ಕೊಟ್ಟ ಆ ಮಹನೀಯರೇ ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ಕನ್ನಡಿಸಿದರು. ಅವರ ‘ಜ್ಞಾಪಕ ಚಿತ್ರಶಾಲೆ’ಯನ್ನು ಓದಿದರೆ ಹಳೆಯ ಮುಳಬಾಗಿಲಿನ ಜನರು ನಿಮ್ಮ ಕಣ್ಣ ಮುಂದೆ ಓಡಾಡುತ್ತಾರೆ.

ಇದನ್ನು ನಾನು ಅನೇಕ ಸಲ ಯೋಚಿಸಿದ್ದೇನೆ. ಒಂದೇ ಜಿಲ್ಲೆಯ ಇಬ್ಬರು. ಒಬ್ಬರು ಪರೀಕ್ಷೆಯಲ್ಲಿ ಚಿನ್ನದ ಪದಕ ಪಡೆದವರು. ಇನ್ನೊಬ್ಬರನ್ನು ಪರೀಕ್ಷೆಯು ಬಾಗಿಲಲ್ಲೇ ತಡೆದು ನಿಲ್ಲಿಸಿತು. ಇಬ್ಬರೂ ಕೊನೆಗೆ ಹೋಗಿ ಕುಳಿತದ್ದು ಒಬ್ಬನೇ ಕವಿಯ ಜಗಲಿಯ ಮೇಲೆ. ಹತ್ತನೆಯ ತರಗತಿಯಲ್ಲಿ ಇಂಗ್ಲಿಷ್ ಕೈಕೊಟ್ಟಿತೆಂದು ಕಳೆದ ಬೇಸಿಗೆಯಲ್ಲಿ ಮೂರು ದಿನ ಊಟ ಬಿಟ್ಟ ಹುಡುಗನೊಬ್ಬನು ಈ ಸಭೆಯಲ್ಲಿಯೇ ಇದ್ದಾನೆ. ಅವನ ಹೆಸರನ್ನು ಹೇಳುವುದಿಲ್ಲ. ಅವನು ಮುಳಬಾಗಿಲಿನವನು ಎಂಬುದನ್ನು ಮಾತ್ರ ಹೇಳುತ್ತೇನೆ.

ಇಂಗ್ಲಿಷ್ ಸಾಹಿತ್ಯವನ್ನು ಓದಿದರೆ ಕನ್ನಡ ಕೆಟ್ಟೀತು ಎಂಬ ಭಯ ಕೆಲವರಿಗಿದೆ. ಚರಿತ್ರೆಯಲ್ಲಿ ನಡೆದದ್ದು ಇದಕ್ಕೆ ವಿರುದ್ಧ. ಹೊಸಗನ್ನಡ ಕಾವ್ಯಕ್ಕೆ ದಾರಿ ಮಾಡಿದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರು. ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಸಿಗಬೇಕೆಂದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರಾದ ವಿ.ಕೃ. ಗೋಕಾಕರು ಆಕ್ಸ್‌ಫರ್ಡಿನಲ್ಲಿ ಓದಿದ ಇಂಗ್ಲಿಷ್ ಪ್ರಾಧ್ಯಾಪಕರು. ಗೋಪಾಲಕೃಷ್ಣ ಅಡಿಗರು, ಯು.ಆರ್. ಅನಂತಮೂರ್ತಿಯವರು, ಪಿ. ಲಂಕೇಶರು, ಎಲ್ಲರೂ ತರಗತಿಯಲ್ಲಿ ಇಂಗ್ಲಿಷ್ ಪಾಠ ಹೇಳಿ ಮನೆಗೆ ಬಂದು ಕನ್ನಡದಲ್ಲಿ ಬರೆದವರು. ಕುವೆಂಪು ಅವರಂತೂ ಮೊದಲು ಇಂಗ್ಲಿಷಿನಲ್ಲಿಯೇ ಕವಿತೆ ಬರೆಯುತ್ತಿದ್ದು, 1922ರಲ್ಲಿ ಒಂದು ಪುಟ್ಟ ಸಂಕಲನವನ್ನು ಅಚ್ಚುಹಾಕಿಸಿದ್ದರು. ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಅವರ ಬುದ್ಧಿವಾದದಿಂದ ತಾಯ್ನುಡಿಗೆ ಹೊರಳಿದರು. ಕನ್ನಡ ಕೆಡುವುದು ಯಾವ ಭಾಷೆಯ ಸಾಹಿತ್ಯವನ್ನೂ ಓದದವರಿಂದ. ಅಂಥವರು ನಮ್ಮಲ್ಲಿ ಹೇರಳವಾಗಿದ್ದಾರೆ.

ಪಿ.ಯು.ಸಿ.ಯಲ್ಲಿ ವರ್ಡ್ಸ್‌ವರ್ತ್ ಕವಿಯ ಡ್ಯಾಫೊಡಿಲ್ ಹೂಗಳ ಪದ್ಯವನ್ನು ಓದುವಾಗ ನಾವು ಪೇಚಿಗೆ ಬಿದ್ದೆವು. 1802ರ ಏಪ್ರಿಲ್ ತಿಂಗಳಿನಲ್ಲಿ ಆತನೂ ಆತನ ತಂಗಿ ಡೊರೊತಿಯೂ ಸರೋವರದ ದಂಡೆಯಲ್ಲಿ ನಡೆಯುತ್ತಿದ್ದಾಗ ಕಂಡ ಹಳದಿ ಹೂಗಳವು. ಆಕೆ ಅದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಳು. ಅಣ್ಣನು ಕೆಲವು ವರ್ಷಗಳ ನಂತರ ಪದ್ಯ ಮಾಡಿದನು. ಆ ಹೂವನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಪಾಠ ಹೇಳುತ್ತಿದ್ದ ಗುರುಗಳೂ ಕಂಡಿರಲಿಲ್ಲ. ಅವರು ಪ್ರಾಮಾಣಿಕರಾಗಿದ್ದರು. ರಜೆಗೆ ಊರಿಗೆ ಹೋದಾಗ ಹೊಲಗಳ ಅಂಚಿನಲ್ಲಿ ಹುಚ್ಚೆಳ್ಳು ಹೂ ಬಿಟ್ಟಿರುತ್ತದಲ್ಲ, ಅಲ್ಲಿ ನಿಂತು ಈ ಪದ್ಯವನ್ನು ಮತ್ತೊಮ್ಮೆ ಓದಿರಿ ಎಂದರು. ಆ ಸಲ ರಾಗಿ ತೆನೆ ಕಟ್ಟುವ ಕಾಲಕ್ಕೆ ಊರಿಗೆ ಹೋಗಿದ್ದೆ. ಬೆಳಗಿನ ಗಾಳಿಗೆ ಹುಚ್ಚೆಳ್ಳಿನ ಸಾಲು ಸಾಲು ಹಳದಿ ಹೂಗಳು ತಲೆದೂಗುತ್ತಿದ್ದವು, ಜೇನುಹುಳುಗಳು ಮುತ್ತಿದ್ದವು. ಹುಟ್ಟಿದಾಗಿನಿಂದ ನೋಡುತ್ತಿದ್ದ ಹೊಲವನ್ನು ಅಂದು ನಾನು ಮೊದಲ ಸಲ ನೋಡಿದೆ. ಆ ಪದ್ಯವು ಇಂಗ್ಲೆಂಡಿನದಾಗಿದ್ದರೂ ಅದು ತೋರಿಸಿಕೊಟ್ಟದ್ದು ನಮ್ಮ ಹೊಲವನ್ನು.

ಜೇನುಹುಳುವಿನ ಮಾತು ಬಂದದ್ದರಿಂದ ಸಂತ ಬೆಸಿಲರನ್ನು ನೆನೆಯಬೇಕು. ನಾಲ್ಕನೆಯ ಶತಮಾನದಲ್ಲಿ ಆ ಮಹಾ ಧರ್ಮಾಧ್ಯಕ್ಷರು, ಕ್ರೈಸ್ತರಲ್ಲದ ಗ್ರೀಕ್ ಕವಿಗಳನ್ನು ಓದಬಹುದೇ ಎಂಬ ಪ್ರಶ್ನೆಯನ್ನು ತರುಣರಿಗಾಗಿ ಒಂದು ಪ್ರಬಂಧದಲ್ಲಿ ಚರ್ಚಿಸಿದರು. ಓದಿರಿ ಎಂದರು; ಜೇನುಹುಳುವಿನಂತೆ ಓದಿರಿ ಎಂದರು. ಅದು ಎಲ್ಲ ಹೂಗಳ ಮೇಲೂ ಕೂರುವುದಿಲ್ಲ, ಕೂತ ಹೂವನ್ನು ಪೂರ್ತಿ ಹೊತ್ತು ತರುವುದೂ ಇಲ್ಲ. ತನಗೆ ಬೇಕಾದುದನ್ನು ಕೊಂಡು ಹಿಂದಿರುಗುತ್ತದೆ. ಅದಕ್ಕೂ ಮೊದಲು ಪ್ರೇಷಿತ ಪೌಲರು ಅಥೇನ್ಸಿನ ಪಂಡಿತರ ಎದುರಿನಲ್ಲಿ ಅವರದೇ ಕವಿಯ ಮಾತನ್ನು ಎತ್ತಿ ಹೇಳಿದ ಸಂಗತಿ ಪ್ರೇಷಿತರ ಕಾರ್ಯಕಲಾಪಗಳ 17ನೆಯ ಅಧ್ಯಾಯದಲ್ಲಿದೆ. ಗುರುಮಠದಲ್ಲಿ ಇವನ್ನೆಲ್ಲ ನಾವು ಕಲಿತೆವು, ಉತ್ತರ ಬರೆದೆವು, ಮರೆತೆವು.

ಮರೆತದ್ದರ ಫಲವನ್ನು ಈಗ ಹೇಳಬೇಕಾಗಿದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನು ಬೇರೊಂದು ಧರ್ಮಕೇಂದ್ರದಲ್ಲಿದ್ದೆ. ಪಿ.ಯು.ಸಿ. ಮುಗಿಸಿದ್ದ ಒಬ್ಬ ಹೆಣ್ಣುಮಗಳು ತಂದೆಯೊಡನೆ ನನ್ನ ಬಳಿಗೆ ಬಂದಳು. ಇಂಗ್ಲಿಷಿನಲ್ಲಿ ಅವಳಿಗೆ ಎಂಬತ್ತರ ಮೇಲೆ ಅಂಕಗಳಿದ್ದವು. ಬಿ.ಎ. ಸೇರಿ ಐಚ್ಛಿಕ ಇಂಗ್ಲಿಷನ್ನು ಓದಬೇಕು, ಅಧ್ಯಾಪಕಿಯಾಗಬೇಕು ಎಂಬುದು ಅವಳ ಆಸೆ. ತಂದೆ ಬಡವನು; “ಸ್ವಾಮಿ, ನರ್ಸಿಂಗ್ ಸೇರು ಎಂದು ನೀವಾದರೂ ಒಂದು ಮಾತು ಹೇಳಿ, ನಿಮ್ಮ ಮಾತು ಮೀರುವುದಿಲ್ಲ” ಎಂದು ಕೈಮುಗಿದನು. ನಾನು ಹೇಳಿದೆ. ಕಥೆ ಪದ್ಯಗಳಿಂದ ಮನೆ ನಡೆಯುವುದಿಲ್ಲವೆಂದೆ, ರೋಗಿಗಳ ಸೇವೆ ದೇವರ ಸೇವೆಯೆಂದೆ, ತಂದೆಯ ಸಾಲವನ್ನು ನೆನಪಿಸಿದೆ. ಎಲ್ಲವೂ ನಿಜವಾದ ಮಾತುಗಳೇ. ಅವಳು ತಲೆ ತಗ್ಗಿಸಿ ಕೇಳಿದಳು, ಆಶೀರ್ವಾದ ಪಡೆದು ಹೋದಳು, ನರ್ಸಿಂಗ್ ಸೇರಿದಳು. ಆಮೇಲೆ ಹೊರದೇಶಕ್ಕೆ ಹೋದಳು. ತಂದೆಯ ಸಾಲ ತೀರಿತು, ತಮ್ಮಂದಿರು ಓದಿದರು.

ಕೆಲವು ವರ್ಷಗಳ ಹಿಂದೆ ಅವಳ ತಂದೆ ತೀರಿಕೊಂಡಾಗ ಶವಸಂಸ್ಕಾರಕ್ಕೆ ನಾನೂ ಹೋಗಿದ್ದೆ. ಸಮಾಧಿಯ ಬಳಿ ಜನ ಚದುರಿದ ಮೇಲೆ ಅವಳು ಬಂದು ಮಾತನಾಡಿಸಿದಳು. ಕೆಲಸ ಚೆನ್ನಾಗಿದೆ ಎಂದಳು. ರಾತ್ರಿ ಪಾಳಿಯಲ್ಲಿ ರೋಗಿಗಳು ಮಲಗಿದ ಮೇಲೆ ಓದುತ್ತೇನೆ ಎಂದಳು. ಅವಳ ಧ್ವನಿಯಲ್ಲಿ ಕೋಪವಿರಲಿಲ್ಲ. ಹೊರಡುವ ಮುನ್ನ ಮಾತ್ರ, “ಫಾದರ್, ಅವತ್ತು ಅದರಿಂದ ಏನೂ ಪ್ರಯೋಜನವಿಲ್ಲ ಎಂದಿರಲ್ಲ, ನೀವು ಆಗ ಅವನ್ನೆಲ್ಲ ಓದುತ್ತಿದ್ದಿರಾ?” ಎಂದು ಕೇಳಿದಳು.

ನಾನು ಓದುತ್ತಿರಲಿಲ್ಲ. ಗುರುಪಟ್ಟವಾದ ಮೇಲೆ ಸುತ್ತೋಲೆಗಳನ್ನೂ ಲೆಕ್ಕಪತ್ರಗಳನ್ನೂ ಪ್ರಸಂಗಗಳ ಟಿಪ್ಪಣಿಗಳನ್ನೂ ಬಿಟ್ಟರೆ ಒಂದು ಕಥೆಯನ್ನು, ಒಂದು ಕವಿತೆಯನ್ನು ಕೈಯಲ್ಲಿ ಹಿಡಿದಿರಲಿಲ್ಲ. ಅರಿಯದ ವಸ್ತುವಿನ ಬೆಲೆ ಕಟ್ಟಿ ಒಬ್ಬ ಮಗುವಿನ ದಾರಿಯನ್ನು ತಿರುಗಿಸಿದ್ದೆ. ಅವಳು ನರ್ಸ್ ಆದದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಅದೂ ದೇವರ ಕೆಲಸವೇ. ನಾನು ಕೇಳಬೇಕಾಗಿದ್ದ ಒಂದು ಪ್ರಶ್ನೆಯನ್ನು ಕೇಳಲಿಲ್ಲ: “ಮಗಳೇ, ನೀನು ಓದಿದ್ದರಲ್ಲಿ ನಿನಗೆ ಏನು ಇಷ್ಟವಾಯಿತು?” ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವಿದೆ ಎಂದೆನಲ್ಲ, ಇದೇ ಆ ಕಾರಣ.

ಅಂದಿನಿಂದ ಮತ್ತೆ ಓದತೊಡಗಿದೆ. ಎಲ್ಲಿಂದ ಪ್ರಾರಂಭಿಸಬೇಕೆಂದು ತಿಳಿಯದೆ, ನಮ್ಮ ಮಕ್ಕಳ ಪಠ್ಯಪುಸ್ತಕಗಳನ್ನೇ ಕೇಳಿ ಪಡೆದೆ. ಸುಮಾರು ಹತ್ತು ವರ್ಷಗಳ ಹಿಂದೆ ಪಿ.ಯು.ಸಿ.ಗೆ ಬಂದ ‘ರಿಫ್ಲೆಕ್ಷನ್ಸ್’ ಮತ್ತು ‘ಸ್ಪ್ರಿಂಗ್ಸ್’ ಎಂಬ ಎರಡು ಪುಸ್ತಕಗಳವು. ನಾನು ಬೆರಗಾದೆ. ನಮ್ಮ ಕಾಲದಲ್ಲಿ ಇಂಗ್ಲಿಷ್ ಪುಸ್ತಕವೆಂದರೆ ಬಹುಮಟ್ಟಿಗೆ ಇಂಗ್ಲೆಂಡಿನವರ ಬರಹ. ಇವುಗಳಲ್ಲಿ ಷೇಕ್ಸ್‌ಪಿಯರನ ಪಕ್ಕದಲ್ಲಿ ನಮ್ಮ ಕುವೆಂಪು, ಪೂರ್ಣಚಂದ್ರ ತೇಜಸ್ವಿ, ಲಂಕೇಶ್, ಕೇರಳದ ಬಷೀರ್, ರಷ್ಯದ ಟಾಲ್‌ಸ್ಟಾಯ್, ನೈಜೀರಿಯದ ಚಿನುವ ಅಚೆಬೆ, ಚಿಲಿ ದೇಶದ ನೆರೂಡ. ಇಂಗ್ಲಿಷ್ ಎಂಬುದು ಇಲ್ಲಿ ಒಂದು ಛತ್ರದಂತೆ. ಎಲ್ಲ ಊರಿನವರೂ ಬಂದು ತಂಗಿದ್ದಾರೆ.

ಟಾಲ್‌ಸ್ಟಾಯ್ ಬರೆದ ಕಥೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಫ್ರಾನ್ಸ್ ಮತ್ತು ಇಟಲಿಯ ಗಡಿಯ ಹತ್ತಿರ ಒಂದು ಪುಟ್ಟ ರಾಜ್ಯ. ಅಲ್ಲಿ ಎಂದೂ ನಡೆಯದಿದ್ದ ಕೊಲೆಯೊಂದು ನಡೆಯುತ್ತದೆ. ಕೊಲೆಗಾರನಿಗೆ ಮರಣದಂಡನೆ ವಿಧಿಸುತ್ತಾರೆ. ತಲೆ ಕಡಿಯುವ ಯಂತ್ರವೂ ಇಲ್ಲ, ಆಳೂ ಇಲ್ಲ. ನೆರೆರಾಜ್ಯಗಳನ್ನು ಕೇಳಿದರೆ ಒಬ್ಬರು 16,000 ಫ್ರಾಂಕ್ ಎನ್ನುತ್ತಾರೆ, ಇನ್ನೊಬ್ಬರು 12,000. ದುಬಾರಿಯಾಯಿತು ಎಂದು ಆಜೀವ ಸೆರೆಗೆ ಇಳಿಸುತ್ತಾರೆ. ಕಾವಲುಗಾರನ ಸಂಬಳ, ಊಟದ ಖರ್ಚು ಲೆಕ್ಕ ಹಾಕಿ ಅದೂ ದುಬಾರಿ ಎನ್ನುತ್ತಾರೆ. ಕಾವಲನ್ನು ತೆಗೆದು ಓಡಿಹೋಗು ಎಂದರೆ ಅವನು ಹೋಗುವುದಿಲ್ಲ. ಕಡೆಗೆ ವರ್ಷಕ್ಕೆ 600 ಫ್ರಾಂಕ್ ಪಿಂಚಣಿ ಕೊಟ್ಟು ಕಳುಹಿಸುತ್ತಾರೆ! ಗೈಡಿನಲ್ಲಿ ಇದಕ್ಕೆ ‘ಹಾಸ್ಯ ಮತ್ತು ವಿಡಂಬನೆ’ ಎಂದು ಬರೆದು ಮುಗಿಸಿದ್ದಾರೆ. ನಾನು ಈ ಕಥೆಯನ್ನು ನಮ್ಮ ತರುಣರಿಗೆ ಓದಿ ಹೇಳಿದಾಗ ಬಹಳ ನಕ್ಕರು. ನಗು ನಿಂತ ಮೇಲೆ ಶ್ರೀನಿವಾಸಪುರದ ಕಡೆಯ ಒಬ್ಬ ಹುಡುಗಿ, “ಹಾಗಾದರೆ ಫಾದರ್, ದುಡ್ಡಿದ್ದಿದ್ದರೆ ಕೊಂದೇ ಬಿಡುತ್ತಿದ್ದರೇ?” ಎಂದು ಕೇಳಿದಳು. ಅಲ್ಲಿಂದ ಮುಂದೆ ಒಂದು ಗಂಟೆ ಮಾತು ನಡೆಯಿತು. 2018ರಲ್ಲಿ ಜಗದ್ಗುರು ಫ್ರಾನ್ಸಿಸರು ಮರಣದಂಡನೆಯನ್ನು ಒಪ್ಪಲಾಗದೆಂದು ಧರ್ಮೋಪದೇಶ ಗ್ರಂಥದ 2267ನೆಯ ಕಂಡಿಕೆಯನ್ನು ತಿದ್ದಿಸಿದ ವಿಚಾರವನ್ನು ಹಿಂದೆ ಎರಡು ಸಲ ಪಾಠ ಮಾಡಿದ್ದೆ. ಒಬ್ಬರೂ ಒಂದು ಪ್ರಶ್ನೆ ಕೇಳಿರಲಿಲ್ಲ.

ಆ ಪುಸ್ತಕದಲ್ಲಿ ‘ರೋಮಿಯೋ ಮತ್ತು ಜೂಲಿಯೆಟ್’ ನಾಟಕದ ಒಂದು ತುಣುಕಿದೆ. ಪ್ರೇಮದ ಪಾಠ ಗುರುಗಳಿಗೇಕೆ ಎನ್ನಬೇಡಿ. ನಾಟಕವನ್ನು ಪೂರ್ತಿ ಓದಿದರೆ ಅದರಲ್ಲೊಬ್ಬರು ಸಂನ್ಯಾಸಿಗಳು ಬರುತ್ತಾರೆ. ಫಾದರ್ ಲಾರೆನ್ಸ್ ಎನ್ನೋಣ. ತುಂಬ ಒಳ್ಳೆಯವರು. ಮಕ್ಕಳಿಗೆ ಉಪಕಾರ ಮಾಡಲೆಂದೇ ಒಂದು ಯೋಜನೆ ಹೂಡುತ್ತಾರೆ. ಅವರು ಕಳುಹಿಸಿದ ಕಾಗದವನ್ನು ಒಯ್ಯುತ್ತಿದ್ದ ಸಹೋದರನನ್ನು ಪ್ಲೇಗಿನ ಶಂಕೆಯಿಂದ ಮನೆಯೊಂದರಲ್ಲಿ ಕೂಡಿಹಾಕುತ್ತಾರೆ, ಕಾಗದ ತಲುಪುವುದಿಲ್ಲ, ಇಬ್ಬರು ಮಕ್ಕಳೂ ಸಾಯುತ್ತಾರೆ. 2020ರ ದಿಗ್ಬಂಧನವನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುರುಗಳ ಸಲಹೆ ಯಾವಾಗಲೂ ಫಲಿಸುತ್ತದೆಂದು ನಂಬಿರುವ ಯಾಜಕರೆಲ್ಲರೂ ಈ ನಾಟಕವನ್ನು ವರ್ಷಕ್ಕೊಮ್ಮೆ ಓದುವುದು ಒಳ್ಳೆಯದು.

ಜಗದ್ಗುರು ಫ್ರಾನ್ಸಿಸರ ವಿಷಯ ಬಂದಿತು. 2025ರ ಏಪ್ರಿಲ್ 21ರಂದು ದೈವಾಧೀನರಾದ ಅವರು, ಅದಕ್ಕೆ ಹಿಂದಿನ ವರ್ಷ, 2024ರ ಜುಲೈ 17ರ ದಿನಾಂಕ ಹೊತ್ತ ಒಂದು ಪತ್ರವನ್ನು ಬರೆದರು. ಮನುಷ್ಯನ ರೂಪಣೆಯಲ್ಲಿ ಸಾಹಿತ್ಯದ ಪಾತ್ರ ಎಂಬುದೇ ಅದರ ವಿಷಯ. ಮೊದಲು ಗುರುಮಠದ ವಿದ್ಯಾರ್ಥಿಗಳಿಗೆಂದು ಬರೆಯಲು ಹೊರಟು, ಆಮೇಲೆ ಎಲ್ಲ ಕ್ರೈಸ್ತರಿಗೂ ಅನ್ವಯಿಸುವಂತೆ ಬರೆದರು. ಅದರಲ್ಲಿ ಅವರ ಯೌವನದ ಒಂದು ಪ್ರಸಂಗವಿದೆ. ಅವರು ಯಾಜಕರಾಗುವುದಕ್ಕೆ ಮುಂಚೆ, 28ರ ಪ್ರಾಯದಲ್ಲಿ, ಅರ್ಜೆಂಟೀನದ ಸಾಂತಾ ಫೆ ನಗರದ ಯೇಸುಸಭೆಯ ಶಾಲೆಯೊಂದರಲ್ಲಿ ಕೊನೆಯ ಎರಡು ವರ್ಷಗಳ ವಿದ್ಯಾರ್ಥಿಗಳಿಗೆ ಸಾಹಿತ್ಯ ಪಾಠ ಹೇಳುತ್ತಿದ್ದರು. ಅಂದರೆ ನಿಮ್ಮದೇ ವಯಸ್ಸಿನವರಿಗೆ. ಪಠ್ಯದಲ್ಲಿದ್ದುದು ‘ಎಲ್ ಸಿದ್’ ಎಂಬ ಹಳೆಯ ವೀರಕಾವ್ಯ. ಹುಡುಗರಿಗೆ ಬೇಕಾಗಿದ್ದುದು ಹೊಸ ಕಾಲದ ಕವಿ ಗಾರ್ಸಿಯಾ ಲೋರ್ಕಾ. ತರುಣ ಅಧ್ಯಾಪಕರು ಒಂದು ಒಪ್ಪಂದಕ್ಕೆ ಬಂದರು: ವೀರಕಾವ್ಯವನ್ನು ಮನೆಯಲ್ಲಿ ಓದಿಕೊಳ್ಳಿ, ತರಗತಿಯಲ್ಲಿ ನಿಮಗೆ ಇಷ್ಟವಾದವರನ್ನು ಓದೋಣ. ಹಾಗೆ ರುಚಿ ಹತ್ತಿದ ಹುಡುಗರು ಕಾಲಕ್ರಮದಲ್ಲಿ ಹಳೆಯ ಕವಿಗಳ ಬಳಿಗೂ ಹೋದರು. 1965ರಲ್ಲಿ ಅವರು ಹೆಸರಾಂತ ಲೇಖಕ ಬೋರ್ಹೆಸ್ ಅವರನ್ನು ತರಗತಿಗೆ ಕರೆಸಿದರು. ಹುಡುಗರು ಬರೆದ ಕಥೆಗಳ ಪುಸ್ತಕಕ್ಕೆ ಆ ಮಹಾಲೇಖಕನೇ ಮುನ್ನುಡಿ ಬರೆದನು. ಕಣ್ಣು ಕಳೆದುಕೊಂಡಿದ್ದ ಆ ಬೋರ್ಹೆಸ್ ಪುಸ್ತಕಗಳನ್ನು ಕುರಿತು ನೀಡಿದ ಸಂದರ್ಶನವೊಂದು ಈಗ ಹೇಳಿದ ನಿಮ್ಮ ‘ಸ್ಪ್ರಿಂಗ್ಸ್’ ಪುಸ್ತಕದಲ್ಲಿಯೇ ಪಾಠವಾಗಿ ಸೇರಿದೆ. ಅದನ್ನು ಓದುವಾಗ, ಮುಂದೆ ಜಗದ್ಗುರುಗಳಾಗಲಿದ್ದ ಮೇಷ್ಟ್ರೊಬ್ಬರು ಈತನನ್ನು ನಿಮ್ಮಂಥ ಹುಡುಗರ ಎದುರಿಗೆ ಕೂರಿಸಿದ್ದರೆಂಬುದನ್ನು ನೆನೆಯಿರಿ.

ತಂದೆತಾಯಿಯರಿಗೆ ಒಂದು ಮಾತು. ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಲ್ಲಿ ಕೆಲಸ ಬೇಕಾದರೆ ಇಂಗ್ಲಿಷ್ ಮಾತನಾಡಲು ಬರಬೇಕು, ಕಥೆ ಪದ್ಯ ಏಕೆ ಎನ್ನುತ್ತೀರಿ. ಬಸ್ ನಿಲ್ದಾಣದ ಗೋಡೆಗಳ ಮೇಲೆ ಮೂವತ್ತು ದಿನಗಳಲ್ಲಿ ಇಂಗ್ಲಿಷ್ ಕಲಿಸುವ ಜಾಹೀರಾತುಗಳಿವೆ. ನಿಮ್ಮ ಚಿಂತೆ ನ್ಯಾಯವಾದದ್ದೇ. ಸಾಲ ಮಾಡಿ ಕಾನ್ವೆಂಟಿಗೆ ಕಳುಹಿಸುವವರ ಕಷ್ಟ ನನಗೆ ಗೊತ್ತು. ಆದರೆ ಮಾತನಾಡಲು ಕಲಿತವನಿಗೆ ಆಡುವುದಕ್ಕೆ ಏನಾದರೂ ಇರಬೇಕಷ್ಟೆ. ಸಂದರ್ಶನದಲ್ಲಿ ನಿನ್ನ ವಿಷಯ ಹೇಳು ಎಂದಾಗ ಉರು ಹೊಡೆದ ನಾಲ್ಕು ವಾಕ್ಯಗಳಾದ ಮೇಲೆ ಮೌನವಾಗುವ ಮಕ್ಕಳನ್ನು ನಾನು ಕಂಡಿದ್ದೇನೆ.

ನಮ್ಮ ಮಕ್ಕಳಿಗೆ ಇನ್ನೊಂದು ಅನುಕೂಲವಿದೆ. ನಾವು ಅದನ್ನು ಕೊರತೆಯೆಂದು ತಿಳಿದಿದ್ದೇವೆ. ಮುಳಬಾಗಿಲು, ಶ್ರೀನಿವಾಸಪುರದ ಮನೆಗಳಲ್ಲಿ ತೆಲುಗು, ಮಾಲೂರಿನ ಗಡಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಒಂದು ಮಾತನ್ನು ಮೂರು ರೀತಿಯಲ್ಲಿ ಹೇಳಲು ಹುಟ್ಟಿನಿಂದಲೇ ಬಲ್ಲವರು ನೀವು. ಇಂಗ್ಲಿಷ್ ಕಥೆಯನ್ನು ಓದಿ, ರಾತ್ರಿ ಊಟಕ್ಕೆ ಕುಳಿತಾಗ ಅಜ್ಜಿಗೆ ಅವಳ ಭಾಷೆಯಲ್ಲಿ ಹೇಳಿರಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ಪಾಠ ಅರ್ಥವಾಗಿಲ್ಲವೆಂದು ತಿಳಿಯಿರಿ. ಮರಳಿ ಪುಸ್ತಕಕ್ಕೆ ಹೋಗಿರಿ. ನಮ್ಮ ಮಿಷನರಿ ಗುರುಗಳು ಕನ್ನಡವನ್ನು ಕಲಿತದ್ದು ಹೀಗೆಯೇ. ಫ್ರಾನ್ಸಿನಿಂದ ಬಂದು, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬೆಂಗಳೂರಿನಲ್ಲಿ ಮುದ್ರಣಾಲಯವನ್ನಿಟ್ಟು, ಕನ್ನಡ ಲ್ಯಾಟಿನ್ ನಿಘಂಟನ್ನು ಅಚ್ಚು ಹಾಕಿಸಿದವರು ಮೊದಲು ಹಳ್ಳಿಯ ಜಗಲಿಯ ಮೇಲೆ ತಪ್ಪುತಪ್ಪಾಗಿ ಮಾತನಾಡಿ ನಗೆಪಾಟಲಾದವರೇ ಆಗಿದ್ದರು.

ಬಿ.ಎಂ.ಶ್ರೀ.ಯವರ ಹೆಸರನ್ನು ಆಗಲೇ ಹೇಳಿದೆ. 1920ರ ದಶಕದಲ್ಲಿ ಬಂದ ಅವರ ‘ಇಂಗ್ಲಿಷ್ ಗೀತಗಳು’ ಸಂಕಲನದ ‘ಕರುಣಾಳು ಬಾ ಬೆಳಕೆ’ ಎಂಬ ಗೀತೆಯನ್ನು ನೀವು ಶಾಲೆಯ ಪ್ರಾರ್ಥನೆಯಲ್ಲಿ ಹಾಡಿದ್ದೀರಿ. ಹಿಂದೂ, ಮುಸಲ್ಮಾನ, ಕ್ರೈಸ್ತ ಮಕ್ಕಳೆಲ್ಲರೂ ಒಟ್ಟಿಗೆ ನಿಂತು ಹಾಡುತ್ತಾರೆ. ಅದರ ಮೂಲವನ್ನು ಬರೆದವರು ಜಾನ್ ಹೆನ್ರಿ ನ್ಯೂಮನ್. 1833ರ ಜೂನ್ ತಿಂಗಳಿನಲ್ಲಿ, ಸಿಸಿಲಿಯಲ್ಲಿ ಜ್ವರದಿಂದ ಸಾವಿನಂಚಿಗೆ ಹೋಗಿ ಚೇತರಿಸಿಕೊಂಡು, ಊರಿಗೆ ಮರಳುತ್ತಿದ್ದಾಗ ಗಾಳಿಯಿಲ್ಲದೆ ಹಡಗು ನಡುಗಡಲಿನಲ್ಲಿ ನಿಂತುಹೋಯಿತು. 32 ವರ್ಷದ ಆ ಆಂಗ್ಲಿಕನ್ ಗುರುಗಳು ಆಗ ಬರೆದ ಪ್ರಾರ್ಥನೆ ಅದು. 1845ರಲ್ಲಿ ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದರು, 1879ರಲ್ಲಿ ಕಾರ್ಡಿನಲ್ ಆದರು, 2019ರ ಅಕ್ಟೋಬರ್ 13ರಂದು ಸಂತರ ಪದವಿಗೇರಿದರು; 2025ರ ನವೆಂಬರ್ 1ರಂದು ಧರ್ಮಸಭೆಯ ಪಂಡಿತರೆಂದು ಘೋಷಿತರಾದರು. ಒಬ್ಬ ಇಂಗ್ಲಿಷ್ ಮೇಷ್ಟ್ರು ಪ್ರೀತಿಯಿಂದ ಓದಿದ್ದರ ಫಲವಾಗಿ ಕಥೋಲಿಕ ಸಂತರೊಬ್ಬರ ಪ್ರಾರ್ಥನೆ ಕನ್ನಡ ನಾಡಿನ ಸರ್ಕಾರಿ ಶಾಲೆಗಳ ಅಂಗಳಕ್ಕೆ ಬಂದಿತು. ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ನನಗೂ ಐವತ್ತು ದಾಟುವವರೆಗೆ ಗೊತ್ತಿರಲಿಲ್ಲ.

ಇನ್ನು ಕೆಲಸದ ಮಾತು. ಶತಮಾನೋತ್ಸವದ ನೆನಪಿಗಾಗಿ ಏನಾದರೂ ಕಟ್ಟಬೇಕೆಂದು ಸಮಿತಿಯಲ್ಲಿ ಚರ್ಚೆಯಾಗಿ, ಕಮಾನು ಬೇಡವೆಂದು ತೀರ್ಮಾನವಾಯಿತು. ಉಪದೇಶಿಗಳ ಹಳೆಯ ಮನೆಯ ಮುಂದಿನ ಕೋಣೆಗೆ ಸುಣ್ಣ ಹೊಡೆಸಿದ್ದೇವೆ; ಎರಡು ಉದ್ದನೆಯ ಮೇಜು, ಹನ್ನೆರಡು ಕುರ್ಚಿ, ಒಂದು ನಿಘಂಟು, ಮಾಸ್ತಿ ಮತ್ತು ಗುಂಡಪ್ಪನವರ ಪುಸ್ತಕಗಳು, ನಿಮ್ಮ ಪಠ್ಯಪುಸ್ತಕಗಳ ಕೆಲವು ಪ್ರತಿಗಳು ಬಂದಿವೆ. ಮುಂದಿನ ಭಾನುವಾರದಿಂದ ಎರಡನೆಯ ಬಲಿಪೂಜೆಯಾದ ಮೇಲೆ ಒಂದೂವರೆ ಗಂಟೆ ಕಾಲ ಅಲ್ಲಿ ಒಟ್ಟಿಗೆ ಓದುತ್ತೇವೆ. ಬೇರೆ ಧರ್ಮದ ಸಹಪಾಠಿಗಳನ್ನೂ ಕರೆತರಬಹುದು. ಗೈಡುಗಳನ್ನು ಮಾತ್ರ ಮನೆಯಲ್ಲಿ ಬಿಟ್ಟು ಬನ್ನಿ.

ಮೊದಲಿಗೆ ಆರಿಸಿಕೊಂಡಿರುವುದು ‘ರಿಫ್ಲೆಕ್ಷನ್ಸ್’ ಪುಸ್ತಕದಲ್ಲಿರುವ ಆರ್.ಕೆ. ನಾರಾಯಣರ ಕೆರೆ ಕಾವಲುಗಾರನ ನಾಟಕ. ಕೆರೆ ಒಡೆಯಲಿದೆಯೆಂದು ತಿಳಿದ ಮಾರನು, ತಾನು ಹಿಂದಿರುಗುವವರೆಗೆ ಕಾದಿರೆಂದು ದೇವಿಯಿಂದ ಮಾತು ಪಡೆದು, ರಾಜನ ಬಳಿಗೆ ಓಡಿ, ತನ್ನನ್ನು ಕೊಲ್ಲಿಸಿಬಿಡಿರೆಂದು ಬೇಡುತ್ತಾನೆ. ತಾನು ಹಿಂದಿರುಗದಿದ್ದರೆ ಕೆರೆ ಉಳಿಯುತ್ತದೆ. ಬತ್ತಿದ ಕೆರೆಗಳ ನಡುವೆ ಬೆಳೆದ ನಮಗೆ ಇದಕ್ಕೆ ಟಿಪ್ಪಣಿ ಬೇಕಾಗದು. ಮಾರನ ಪಾತ್ರವನ್ನು ಓದಲು ಆ ಮುಳಬಾಗಿಲಿನ ಹುಡುಗನು ಒಪ್ಪಿದ್ದಾನೆ. ದೇವಿಯ ಮಾತುಗಳನ್ನು ಶ್ರೀನಿವಾಸಪುರದ ಹುಡುಗಿ ಓದುತ್ತಾಳೆ. ರಾಜನ ಪಾತ್ರಕ್ಕೆ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ. ಸಭೆ ಮುಗಿದ ಮೇಲೆ ಬಂದು ಹೇಳಿರಿ.